ತೊಳೆದಷ್ಟೂ ಕೆಡುವ ಕಾಲು

ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ ನವೆಂಬರ್ ಬಂತೆಂದರೆ ಮಳೆಗೆ ಬಿಡುವೇ ಇರುವುದಿಲ್ಲ. ಹುಲ್ಲುಗಾವಲಿನ ಗೇಟಿನ ಬಳಿ, ನೀರಿನ ತೊಟ್ಟಿಯ ಸುತ್ತ ಕುದುರೆಗಳು ತುಳಿದೂ ತುಳಿದೂ ಜೇಡಿಮಣ್ಣು ರಾಡಿಯಾಗುತ್ತದೆ. ಮೇವಿಗಾಗಿ ಅವು ಕಾಯುತ್ತ ನಿಲ್ಲುವುದೂ ಅದರಲ್ಲೇ. ಕ್ರಮೇಣ ಗೊರಸಿನ ಮೇಲೆ, ಹಿಂಬದಿಯ ಕುಳಿಯಲ್ಲಿ ಕೂದಲು ಜಡೆಗಟ್ಟುತ್ತದೆ. ಬೆರಳಾಡಿಸಿದರೆ ಗಟ್ಟಿ ಹಕ್ಕಳೆಗಳು ತಾಗುತ್ತವೆ. ಒಂದು ಹಕ್ಕಳೆ ಕಿತ್ತು ಬಂದರೆ ಅದರ ಜೊತೆಗೆ ಕೂದಲೂ ಬುಡಸಮೇತ ಬರುತ್ತದೆ. ಅಡಿಯಲ್ಲಿ ಕೆಂಪಗಿನ ಹಸಿ ಚರ್ಮ, ಕೆಲವೊಮ್ಮೆ ಕೀವು. ಅಲ್ಲಿನ ಕುದುರೆ ಸಾಕಣೆದಾರರು ಮಡ್ ಫೀವರ್ ಎನ್ನುವುದು ಇದಕ್ಕೇ.

ಕೆಸರನ್ನು ದೂರುವುದು ಸುಲಭ. ಆದರೆ ಮುಖ್ಯ ಆರೋಪಿ ಡರ್ಮಟೋಫೈಲಸ್ ಕಾಂಗೊಲೆನ್ಸಿಸ್ ಎಂಬ ಬ್ಯಾಕ್ಟೀರಿಯಾ. 1915ರಲ್ಲಿ ಬೆಲ್ಜಿಯನ್ ಕಾಂಗೋದ ದನಗಳಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಸೂಕ್ಷ್ಮದರ್ಶಕದಲ್ಲಿ ಇದರ ಕಣಗಳು ಜೋಡಿ ಸಾಲಾಗಿ, ರೈಲು ಹಳಿಯಂತೆ ಕಾಣುತ್ತವೆ. ಒಣಗಿದ ಹಕ್ಕಳೆಯೊಳಗೆ ಇದು ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರಬಲ್ಲದು. ನೀರು ಸೋಕಿತೋ, ಬಾಲವಿರುವ ಬೀಜಕಣಗಳು ಹೊರಬಿದ್ದು ಈಜತೊಡಗುತ್ತವೆ. ಚರ್ಮದಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಅವನ್ನು ಸೆಳೆಯುತ್ತದೆ.

ಇಷ್ಟಾದರೂ, ಗಾಯವಿಲ್ಲದ ಒಣ ಚರ್ಮದೊಳಗೆ ಅದು ನುಗ್ಗಲಾರದು. ದಿನಗಟ್ಟಲೆ ನೆನೆದ ಚರ್ಮದ ಮೇಲ್ಪದರ ಉಬ್ಬಿ ಮೆತ್ತಗಾಗುತ್ತದೆ, ಅದನ್ನು ಕಾಯುವ ಜಿಡ್ಡು ಕರಗುತ್ತದೆ, ಮಣ್ಣಿನ ಹರಳುಗಳು ಗೀರುತ್ತವೆ. ಬಾಗಿಲು ತೆರೆಯುವುದು ಹೀಗೆ.

ಇಲ್ಲೇ ಪ್ರೀತಿಯ ಯಜಮಾನರು ಎಡವುವುದು. ಸಂಜೆ ಲಾಯಕ್ಕೆ ಬಂದ ಕುದುರೆಯ ಕಾಲಿನ ಕೆಸರು ಕಂಡ ಕೂಡಲೇ ಪೈಪ್ ಹಿಡಿದು ರಭಸವಾಗಿ ನೀರು ಬಿಡುತ್ತಾರೆ, ಗಸಗಸ ಉಜ್ಜುತ್ತಾರೆ, ಆಮೇಲೆ ಒದ್ದೆ ಕಾಲಲ್ಲೇ ರಾತ್ರಿಯಿಡೀ ನಿಲ್ಲಿಸುತ್ತಾರೆ. ಕಾಲು ನೋಡಲು ಚೊಕ್ಕಟವಾಗಿರುತ್ತದೆ, ಆದರೆ ನೆನೆಯುವ ಅವಧಿ ಇನ್ನಷ್ಟು ಬೆಳೆದಿರುತ್ತದೆ. ಅದಕ್ಕಿಂತ ಕೆಸರು ಹಾಗೇ ಒಣಗಲು ಬಿಟ್ಟು, ಮೆತ್ತನೆಯ ಬ್ರಷ್‌ನಿಂದ ಉದುರಿಸುವುದು ವಾಸಿ. ತೊಳೆಯಲೇಬೇಕಿದ್ದರೆ ಟವೆಲ್ಲಿನಿಂದ ಒತ್ತಿ, ಕೂದಲ ಬುಡದವರೆಗೆ ಒಣಗಿಸಬೇಕು.

ರೋಗ ಹತ್ತಿದ ಮೇಲೆ ತೊಳೆಯುವುದು ಬೇರೆ ಮಾತು. ಸುತ್ತಲಿನ ಕೂದಲು ಕತ್ತರಿಸಿ, ಹಕ್ಕಳೆಗಳನ್ನು ನೆನೆಸಿ, ತಾವಾಗಿ ಸಡಿಲವಾದವನ್ನಷ್ಟೇ ತೆಗೆಯಬೇಕು. ಕಿತ್ತರೆ ನೋವಿಗೆ ಕುದುರೆ ಒದೆಯುವುದು ಸಹಜ. ತೆಳುಗೊಳಿಸಿದ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಸುಮಾರು 10 ನಿಮಿಷ ಬಿಟ್ಟು ತೊಳೆದು, ಪೂರ್ತಿ ಒಣಗಿಸುವುದು ವಾಡಿಕೆಯ ಚಿಕಿತ್ಸೆ. ತೆಗೆದ ಹಕ್ಕಳೆಗಳನ್ನು ಲಾಯದ ನೆಲಕ್ಕೆ ಚೆಲ್ಲಬಾರದು, ಒಟ್ಟುಮಾಡಿ ಎಸೆಯಬೇಕು.

ಮುಲಾಮುಗಳ ವಿಷಯ ಕೇಳಲೇಬೇಡಿ, ಲಾಯಕ್ಕೊಂದು ಗುಟ್ಟಿನ ಮದ್ದು ಇದ್ದೇ ಇರುತ್ತದೆ! ನೀರು ತಡೆಯುವ ಜಿಡ್ಡಿನ ಕ್ರೀಮು ಆರೋಗ್ಯವಂತ, ಒಣ ಚರ್ಮಕ್ಕೆ ಸರಿ. ಸೋಂಕು ತಗುಲಿದ ಒದ್ದೆ ಚರ್ಮಕ್ಕೆ ಬಳಿದರೆ ತೇವವನ್ನೂ ರೋಗಾಣುವನ್ನೂ ಒಳಗೇ ಕೂಡಿಹಾಕಿದಂತೆ.

ಎಲ್ಲ ಹಕ್ಕಳೆಯೂ ಮಡ್ ಫೀವರ್ ಅಲ್ಲ ಎಂಬುದೂ ನೆನಪಿರಲಿ. ಕಾಲಿನ ತುಂಬ ಜೊಂಪೆ ಕೂದಲಿರುವ ಶೈರ್, ಕ್ಲೈಡ್ಸ್‌ಡೇಲ್ ತಳಿಗಳು ಕಾಲು ಬಡಿಯುತ್ತ, ತಿಕ್ಕಿಕೊಳ್ಳುತ್ತ ಇದ್ದರೆ ಕೊರಿಯಾಪ್ಟಿಸ್ ಎಂಬ ನುಸಿಯ ಕಾಟವಿರಬಹುದು. ಆ್ಯಂಟಿಬಯಾಟಿಕ್‌ಗೆ ಅದು ಜಗ್ಗದು. ಬಿಳಿ ಕಾಲುಗಳಲ್ಲಷ್ಟೇ ಹುಣ್ಣಾಗಿದ್ದರೆ ಬಿಸಿಲಿಗೆ ಚರ್ಮ ಪ್ರತಿಕ್ರಿಯಿಸುತ್ತಿರಬಹುದು, ಅದರ ಹಿಂದೆ ಪಿತ್ತಜನಕಾಂಗದ ತೊಂದರೆಯೂ ಇದ್ದೀತು.

ನಿಜವಾದ ಖರ್ಚು ಮಾಡಬೇಕಾದದ್ದು ಔಷಧಿಗಲ್ಲ, ನೆಲಕ್ಕೆ: ಗೇಟಿನ ಬಳಿ ಜಲ್ಲಿ ಹಾಸುವುದು, ಹುಲ್ಲುಗಾವಲನ್ನು ಸರದಿಯಲ್ಲಿ ಬಳಸುವುದು, ದಿನದಲ್ಲಿ ಕೆಲವು ಗಂಟೆಯಾದರೂ ಕುದುರೆ ಒಣ ಹಾಸಿನ ಮೇಲೆ ನಿಲ್ಲುವಂತೆ ಮಾಡುವುದು.

ಕಾಲು ಊದಿಕೊಂಡು ಬಿಸಿಯಾದರೆ, ಕುದುರೆ ಕುಂಟತೊಡಗಿದರೆ ಮನೆಮದ್ದು ಬಿಟ್ಟು ಅಂದೇ ಪಶುವೈದ್ಯರನ್ನು ಕರೆಯಿರಿ. ಹಕ್ಕಳೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಅಪರೂಪವಾದರೂ, ಈ ಸೋಂಕು ಮನುಷ್ಯರಿಗೂ ಅಂಟುತ್ತದೆ.