ನಾಯ್ಸ್ ಹೋಗಲಿ, ಸುಕ್ಕು ಉಳಿಯಲಿ

ಮದುವೆ ಮನೆಯ ಮಂದ ಬೆಳಕಲ್ಲಿ ಐಎಸ್‌ಒ 6400 ಇಟ್ಟು ಅಜ್ಜಿಯ ಫೋಟೋ ತೆಗೆದಿದ್ದೀರಿ. ದೊಡ್ಡದು ಮಾಡಿ ನೋಡಿದರೆ ಮುಖದ ತುಂಬ ರವೆ ಚೆಲ್ಲಿದ ಹಾಗೆ ನಾಯ್ಸ್. ಡಿಲೀಟ್ ಮಾಡಬೇಡಿ. ರಾ ಫೈಲ್ ಇದ್ದರೆ ಅದನ್ನೇ ಲೈಟ್‌ರೂಮ್‌ನಲ್ಲೋ, ಪುಕ್ಕಟೆ ಸಿಗುವ ಡಾರ್ಕ್‌ಟೇಬಲ್‌ನಲ್ಲೋ ತೆರೆಯಿರಿ. ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಕ್ಯಾಮೆರಾನೇ ಒಂದು ಸಲ ಒರೆಸಿಬಿಟ್ಟಿರುತ್ತೆ. 100% ಝೂಮ್ ಮಾಡಿ.

ಕೆಂಪು, ಹಸಿರು ಚುಕ್ಕೆಗಳು ಕಲರ್ ನಾಯ್ಸ್. ಇದನ್ನು ಮೊದಲು, ಧೈರ್ಯವಾಗಿ ತೆಗೆಯಿರಿ. ಬಣ್ಣ ತುಸು ಕಲೆಸಿದರೂ ನಮ್ಮ ಕಣ್ಣಿಗೆ ಅಷ್ಟು ಗೊತ್ತಾಗೋದಿಲ್ಲ. ಲ್ಯೂಮಿನನ್ಸ್ ಸ್ಲೈಡರ್ ಹತ್ತಿರ ಮಾತ್ರ ಹುಷಾರು! ನಾಯ್ಸ್, ಮುಖದ ಸುಕ್ಕು, ದುಪಟ್ಟಾದ ಜರಿ ಎಲ್ಲವನ್ನೂ ಅದು ಒಟ್ಟಿಗೇ ಒರೆಸುತ್ತೆ. ಜಾಸ್ತಿ ಎಳೆದರೆ ಅಜ್ಜಿ ಮೇಣದ ಗೊಂಬೆ. ಹುಬ್ಬಿನ ಕೂದಲು ಕರಗತೊಡಗಿತೋ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ತನ್ನಿ. ಶಾರ್ಪನಿಂಗ್ ಆಮೇಲೆ. ಉಳಿದ ನಾಯ್ಸ್ ಇರಲಿ ಬಿಡಿ, ಪ್ರಿಂಟ್ ಹಾಕಿಸಿದಾಗ ಅದು ಅಷ್ಟು ಕಾಣೋದಿಲ್ಲ.