ಪಂಚೆಗೆ ಹತ್ತಿದ ರಕ್ತ: ನಂಬಿಕೆ ಏನು, ನಿಜ ಏನು?

ಸೇಲಂನ ನೇಕಾರರ ಬೀದಿಗಳಲ್ಲೂ ಧರ್ಮಪುರಿ ಜಿಲ್ಲೆಯ ಹಳ್ಳಿಗಳಲ್ಲೂ ಕನ್ನಡ ಮಾತಾಡುವ ಮನೆಗಳು ತಲೆಮಾರುಗಳಿಂದ ಇವೆ. ಅಲ್ಲಿನ ಹಿರಿಯರು ಬಿಪಿ, ಶುಗರ್ ವಿಷಯವನ್ನು ಜಗಲಿಯಲ್ಲೇ ಮಾತಾಡುತ್ತಾರೆ. ತಮಿಳುನಾಡು ಸರ್ಕಾರ 2021ರಲ್ಲಿ ಶುರುಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಿಂದ ಮಾತ್ರೆ ಮನೆ ಬಾಗಿಲಿಗೂ ಬರುತ್ತಿದೆ. ಬೀಜದ ಚೀಲದ ಮೇಲೆ ಎದ್ದ ಚುಕ್ಕೆಗಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಒಂದು ದಿನ ಬಿಳಿ ಪಂಚೆಗೆ ರಕ್ತ ಹತ್ತಿದಾಗ ಜೀವ ಬಾಯಿಗೆ ಬರುತ್ತದೆ.

ಈ ಚುಕ್ಕೆಗಳು ರಾಗಿ ಕಾಳಿನಷ್ಟಿರುತ್ತವೆ, ಕೆಲವು ಇನ್ನೂ ದಪ್ಪ. ಮೊದಮೊದಲು ಕೆಂಪು, ವರ್ಷ ಕಳೆದಂತೆ ನೀಲಿ-ಕಪ್ಪು. ಎಷ್ಟೋ ಸಲ ರಕ್ತನಾಳದ ಗುಂಟ ಸಾಲಾಗಿ ಏಳುತ್ತವೆ. ವೈದ್ಯರು ಇದನ್ನು ಆಂಜಿಯೋಕೆರಟೋಮಾ ಎನ್ನುತ್ತಾರೆ. ಅಮೆರಿಕದ ಚರ್ಮವೈದ್ಯ ಜಾನ್ ಫೋರ್ಡೈಸ್ 1896ರಲ್ಲಿ 60 ವರ್ಷದ ಒಬ್ಬರಲ್ಲಿ ಇದನ್ನು ಕಂಡು ಬರೆದಿಟ್ಟರು.

ನಂಬಿಕೆ: ಇದು ಹೆಣ್ಣಿನ ಸಹವಾಸದಿಂದ ಬಂದ ಗುಪ್ತರೋಗ.

ನಿಜ: ಅಲ್ಲ. ಇಲ್ಲಿ ರೋಗಾಣುವೇ ಇಲ್ಲ, ಹಾಗಾಗಿ ಹೆಂಡತಿಗೆ ಅಂಟುವ ಮಾತೂ ಇಲ್ಲ. ಬೇರೆ ಕಾರಣಕ್ಕೆ ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯ ‘ನಂಬಿಕ್ಕೈ ಮೈಯಂ’ನಲ್ಲಿ ಎಚ್‌ಐವಿ ಪರೀಕ್ಷೆ ಉಚಿತ.

ನಂಬಿಕೆ: ಮೈಯ ಉಷ್ಣ ಏರಿದೆ, ರಕ್ತ ಕೆಟ್ಟಿದೆ.

ನಿಜ: ಚರ್ಮದ ಮೇಲ್ಪದರದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ, ಅವುಗಳ ಮೇಲಿನ ಚರ್ಮ ದಪ್ಪಗಾಗಿರುತ್ತದೆ, ಅಷ್ಟೇ. ವಯಸ್ಸಾದಂತೆ ನಾಳದ ಗೋಡೆ ಸಡಿಲವಾಗುತ್ತದೆ. ವೆರಿಕೋಸಿಲ್ (ಬೀಜದ ಚೀಲದೊಳಗಿನ ರಕ್ತನಾಳಗಳು ಉಬ್ಬುವುದು) ಅಥವಾ ಹರ್ನಿಯಾ ಇದ್ದರೆ ನಾಳಗಳ ಒಳಗೆ ಒತ್ತಡ ಹೆಚ್ಚಿ ಚುಕ್ಕೆ ಏಳಬಹುದು. ಉಷ್ಣ ಇಳಿಯಲೆಂದು ಮಾಡುವ ಶನಿವಾರದ ಎಣ್ಣೆಸ್ನಾನ ಮೈಗೆ ಹಿತ. ಅದರಿಂದ ಚುಕ್ಕೆ ಹೋಗುವುದಿಲ್ಲ.

ನಂಬಿಕೆ: ಕಪ್ಪಾಗಿದೆ ಎಂದರೆ ಕ್ಯಾನ್ಸರ್.

ನಿಜ: ಒಳಗೆ ರಕ್ತ ಹೆಪ್ಪುಗಟ್ಟಿದರೂ ಚುಕ್ಕೆ ಕಪ್ಪಾಗುತ್ತದೆ. ಇದು ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಆದರೆ ಒಂದೇ ಒಂದು ಚುಕ್ಕೆ ಬೇಗಬೇಗ ಬೆಳೆದರೆ, ಹುಣ್ಣಾದರೆ ಅಥವಾ ಅಂಚು ವಕ್ರವಾಗಿದ್ದರೆ ತೋರಿಸಲೇಬೇಕು. ಚರ್ಮವೈದ್ಯರು ಡರ್ಮೋಸ್ಕೋಪ್ ಎಂಬ ಭೂತಗನ್ನಡಿಯಲ್ಲಿ ನೋಡಿ, ಅನುಮಾನ ಉಳಿದರೆ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ನಂಬಿಕೆ: ಚಿವುಟಿದರೆ ಹೋಗುತ್ತದೆ, ಇಲ್ಲದಿದ್ದರೆ ಹುಳಕಡ್ಡಿ ಮುಲಾಮು ಸಾಕು.

ನಿಜ: ಚಿವುಟಿದರೆ ರಕ್ತ ಸುರಿದು ಕೀವಾಗಬಹುದು. ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಮುಂಗೈ ಚರ್ಮಕ್ಕಿಂತ ಬೀಜದ ಚೀಲದ ಚರ್ಮ ಈ ಔಷಧವನ್ನು 40 ಪಟ್ಟು ಹೆಚ್ಚು ಹೀರುತ್ತದೆಂದು 1967ರ ಅಧ್ಯಯನವೊಂದು ತೋರಿಸಿತ್ತು. ಚುಕ್ಕೆ ಇದ್ದಲ್ಲೇ ಇರುತ್ತದೆ, ಚರ್ಮ ಮಾತ್ರ ತೆಳ್ಳಗಾಗಿ ಉರಿಯುತ್ತದೆ. ತೆಗೆಸಲೇಬೇಕು ಅನಿಸಿದರೆ ವಿದ್ಯುತ್ತಿನಿಂದ ಸುಡುವುದು ಅಥವಾ ಲೇಸರ್ ದಾರಿ. ತೊಂದರೆ ಕೊಡದ ಚುಕ್ಕೆಗೆ ಯಾವ ಚಿಕಿತ್ಸೆಯೂ ಬೇಡ.

ನಂಬಿಕೆ: ಅಪಾಯವಿಲ್ಲ ಎಂದಮೇಲೆ ಡಾಕ್ಟರ ಬಳಿ ಯಾಕೆ?

ನಿಜ: ಒಮ್ಮೆ ತೋರಿಸುವುದಕ್ಕೆ ಕಾರಣವಿದೆ. ವಯಸ್ಸಾದ ಮೇಲೆ ಹೊಸದಾಗಿ ವೆರಿಕೋಸಿಲ್ ಕಾಣಿಸಿದರೆ, ಅದರಲ್ಲೂ ಬಲಗಡೆ ಇದ್ದರೆ ಅಥವಾ ಮಲಗಿದರೂ ಇಳಿಯದಿದ್ದರೆ, ಕಿಡ್ನಿಯಲ್ಲಿ ಗೆಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿ ನೋಡುತ್ತಾರೆ. ಹುಡುಗರಲ್ಲಿ ಹೊಕ್ಕುಳಿಂದ ತೊಡೆವರೆಗೆ ಇಂಥ ಚುಕ್ಕೆ ಹರಡಿ, ಅಂಗೈ ಅಂಗಾಲು ಉರಿದು, ಬೆವರೂ ಕಡಿಮೆಯಾದರೆ ಅದು ಫ್ಯಾಬ್ರಿ ಎಂಬ ಆನುವಂಶಿಕ ಕಾಯಿಲೆ ಇರಬಹುದು. ಅದು ಮುಂದೆ ಕಿಡ್ನಿ, ಹೃದಯಕ್ಕೆ ಪೆಟ್ಟು ಕೊಡುತ್ತದೆ.

ರಕ್ತ ಬಂದರೆ ಒಗೆದ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಬೇಡಿ. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುವವರಿಗೆ ನಿಲ್ಲಲು ಹೆಚ್ಚು ಹೊತ್ತು ಹಿಡಿಯಬಹುದು. ಹಾಗೆಂದು ಆ ಮಾತ್ರೆಯನ್ನು ತಾವಾಗಿ ಬಿಡಬಾರದು. ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಸೇಲಂನಲ್ಲೂ ಧರ್ಮಪುರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ಫೋನ್ ನಂಬರ್ ಬರೆಸಿದ ‘ಗುಪ್ತರೋಗ ತಜ್ಞ’ರಿಗೆ ಸಾವಿರಗಟ್ಟಲೆ ಸುರಿಯುವ ಮೊದಲು, ಅಲ್ಲಿನ ಚರ್ಮರೋಗ ವಿಭಾಗದಲ್ಲಿ ಒಂದು ಚೀಟಿ ಮಾಡಿಸಿ. ದಿನಾ ಇಂಥವನ್ನು ನೋಡುವವರ ಎದುರು ನಾಚಿಕೆ ಪಡುವಂಥದ್ದು ಏನೂ ಇಲ್ಲ.