ಟೈ ರಾಡ್ ನಾನೇ ಹಾಕಿದೆ, ಅಲೈನ್‌ಮೆಂಟ್ ಬಿಟ್ಟೆ

ಕಣಕುಂಬಿಯ ನಮ್ಮ ಮನೆ ಅಂಗಳದಲ್ಲೇ, ವಿಡಿಯೋ ನೋಡ್ಕೊಂಡು, ಹಳೇ ಕಾರಿಗೆ ಹೊಸ ಟೈ ರಾಡ್ ಎಂಡ್ ಹಾಕಿದೆ. ಕೂಲಿ ಉಳೀತು ಅಂತ ಖುಷಿ. ಆದರೆ ಕಾರು ನೆಟ್ಟಗೆ ಹೋಗಬೇಕಾದರೆ ಸ್ಟೀರಿಂಗ್ ಓರೆ ಹಿಡೀಬೇಕಿತ್ತು. ಅಲೈನ್‌ಮೆಂಟ್‌ಗೆ ಬೆಳಗಾವಿವರೆಗೆ ಯಾರು ಹೋಗ್ತಾರೆ ಅಂತ ಹಾಗೇ ಓಡಿಸಿದೆ.

ಜೂನ್‌ನ ಮೊದಲ ಮಳೆ. ಚೋರ್ಲಾ ಘಾಟಿನ ತಿರುವಲ್ಲಿ ಬ್ರೇಕ್ ಹಾಕಿದರೆ ಕಾರು ಜಾರಿತು. ಪಕ್ಕದಲ್ಲಿ ಅವ್ವ. ಏನೂ ಆಗಲಿಲ್ಲ, ಆದರೆ ಇಳಿದು ನೋಡಿದರೆ ಮುಂದಿನ ಎರಡೂ ಟೈರ್‌ಗಳ ಒಳ ಅಂಚು ನುಣ್ಣಗಾಗಿತ್ತು.

ಬೆಳಗಾವಿಯ ಅಂಗಡಿಯವರು ಟೈರ್ ಸವರಿ ಕೇಳಿದರು: "ಹಳೇದು ಬಿಚ್ಚೂವಾಗ ಎಷ್ಟ ಸುತ್ತು ಅಂತ ಎಣಿಸೀರೇನ್ರೀ?"

"ಇಲ್ರೀ."

"ಅಲ್ಲೇ ತಪ್ಪೇತಿ ನೋಡ್ರಿ."

ಟೈ ರಾಡ್‌ನ ಉದ್ದವೇ ಚಕ್ರ ಒಳಗೆ ತಿರುಗಿದೆಯಾ, ಹೊರಗೆ ತಿರುಗಿದೆಯಾ ಅನ್ನೋದನ್ನ ನಿರ್ಧರಿಸುತ್ತೆ. ಇದೇ 'ಟೋ'. ಬಿಚ್ಚಿದಷ್ಟೇ ಸುತ್ತು ಹೊಸದನ್ನು ಹಾಕಿದರೆ ಹೆಚ್ಚುಕಡಿಮೆ ಹಳೇ ಜಾಗಕ್ಕೇ ಬರುತ್ತೆ. ಅದು ನಿಧಾನಕ್ಕೆ ಅಂಗಡಿ ತಲುಪೋಕೆ ಸಾಕು, ಆಮೇಲೆ ಓಡಿಸೋಕೆ ಸಾಲದು.

ಖರ್ಚು ಕಡಿಮೆ ಮಾಡಬೇಕಾ? ಸ್ಟೀರಿಂಗ್, ಸಸ್ಪೆನ್ಷನ್ ರಿಪೇರಿ ಎಲ್ಲಾ ಮುಗಿಸಿ ಒಂದೇ ಸಲ ಹೋಗಿ. ಮೊದಲೇ ಗಾಳಿ ಸರಿ ಹಾಕಿಸಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಸರಿಮಾಡೋದು ಮುಂದಿನ ಟೋ ಮಾತ್ರ. ದೊಡ್ಡ ಪ್ಯಾಕೇಜ್ ಅಂದರೆ ಯಾಕೆ ಅಂತ ಕೇಳಿ. ಮುಂಚಿನ, ನಂತರದ ಅಳತೆಯ ಪ್ರಿಂಟ್ ಇಸ್ಕೊಳ್ಳಿ.

ನಾನು ಅಲೈನ್‌ಮೆಂಟ್‌ಗೆ ಕೊಟ್ಟದ್ದು 400 ರೂಪಾಯಿ. ಅದನ್ನ ಉಳಿಸೋಕೆ ಹೋಗಿ ಎರಡು ಹೊಸ ಟೈರ್ ಕೊಂಡೆ. ಸ್ಪ್ಯಾನರ್ ಹಿಡಿಯೋದು ತಪ್ಪಲ್ಲ, ಕೆಲಸ ಅಲ್ಲಿಗೇ ಮುಗೀತು ಅಂದ್ಕೊಂಡದ್ದು ತಪ್ಪು.